ಹೇಸ್ಟಿಂಗ್ಸಿನ ಒಂದು ಚದುರಂಗದಾಟ

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ಹೇಸ್ಟಿಂಗ್ಸ್ ಎಂಬ ಊರಿನ ಹೆಸರು, 1066ರ ಯುದ್ಧದ ಮೂಲಕ, ಇಂಗ್ಲೆಂಡಿನ ಚರಿತ್ರೆಯನ್ನು ಪಾಠಶಾಲೆಯಲ್ಲಿ ಓದಿದವರಿಗೆಲ್ಲ ಪರಿಚಿತವಾದುದೇ ಆಗಿದೆ. ರಕ್ತಪಾತವಿಲ್ಲದ ಇನ್ನೊಂದು ಬಗೆಯ ಯುದ್ಧದಿಂದಲೂ ಆ ಊರು ಹೆಸರುವಾಸಿಯಾಗಿದೆಯೆಂಬುದು ಅಷ್ಟಾಗಿ ತಿಳಿದಿರಲಾರದು. 1895ರಲ್ಲಿ ಅಲ್ಲಿ ನಡೆದ ಚದುರಂಗದ ಮಹಾಪಂದ್ಯದಲ್ಲಿ, ಯಾರೂ ಲೆಕ್ಕಕ್ಕಿಟ್ಟಿರದ ಪಿಲ್ಸ್‌ಬರಿ ಎಂಬ ಅಮೆರಿಕದ ತರುಣನು ಆ ಕಾಲದ ಘಟಾನುಘಟಿಗಳನ್ನೆಲ್ಲ ಹಿಂದೆ ಹಾಕಿ ಮೊದಲನೆಯವನಾದನು. 1920ರಿಂದೀಚೆಗೆ ಕ್ರಿಸ್ಮಸ್ ಹಬ್ಬದ ಹೊತ್ತಿಗೆ ಅಲ್ಲಿ ವರ್ಷಂಪ್ರತಿ ಪಂದ್ಯ ಸೇರುವ ಪದ್ಧತಿಯೂ ಬೆಳೆದುಬಂದಿತು. 1930ರ ಡಿಸೆಂಬರಿನ ಕಡೆಯ ದಿನಗಳಲ್ಲಿ ಆರಂಭವಾಗಿ 1931ರ ಜನವರಿಯಲ್ಲಿ ಮುಗಿದ ಪಂದ್ಯದ ಒಂದು ಆಟವೇ ಈ ಲೇಖನದ ವಿಷಯ. ಬಿಳಿಯ ಕಾಯಿಗಳನ್ನು ನಡೆಸಿದವರು ಪಂಜಾಬಿನ ಮೀರ್ ಸುಲ್ತಾನ್ ಖಾನರು. ಕರಿಯ ಕಾಯಿಗಳನ್ನು ನಡೆಸಿದವರು ಕ್ಯೂಬಾ ದ್ವೀಪದ ಹೊಸೆ ರೌಲ್ ಕಾಪಾಬ್ಲಾಂಕಾ ಅವರು.

ಕಾಪಾಬ್ಲಾಂಕಾ ಅವರ ವಿಷಯದಲ್ಲಿ ಎರಡು ಮಾತು ಸಾಕು. 1921ರಿಂದ 1927ರವರೆಗೆ ಅವರು ಜಗತ್ತಿನ ಚದುರಂಗ ಚಕ್ರವರ್ತಿಗಳಾಗಿದ್ದರು. 1916ರಿಂದ 1924ರವರೆಗೆ, ಎಂಟು ವರ್ಷಗಳ ಕಾಲ, ಒಂದೇ ಒಂದು ಗಣ್ಯ ಆಟದಲ್ಲಿಯೂ ಸೋತವರಲ್ಲ. 1927ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಅಲೆಖಿನ್ ಎಂಬ ರಷ್ಯನ್ನರಿಗೆ ಪಟ್ಟವನ್ನು ಒಪ್ಪಿಸಿದ್ದರೂ, ಅವರನ್ನು ಸೋಲಿಸುವುದೆಂದರೆ ಯಾವ ಆಟಗಾರನ ಬಾಳಿನಲ್ಲಿಯೂ ಹೇಳಿಕೊಳ್ಳತಕ್ಕ ಸಂಗತಿಯಾಗಿದ್ದಿತು. ಆಟದಲ್ಲಿ ಕಾಯಿಗಳು ಕಡಮೆಯಾಗುತ್ತ ಬಂದಂತೆಲ್ಲ ಅವರ ಕೈ ಬಿಗಿಯಾಗುತ್ತಿದ್ದಿತೆಂದೂ, ಆಟದ ಕೊನೆಯ ಭಾಗದಲ್ಲಿ ಅವರಿಗೆ ಸಮಾನರಿಲ್ಲವೆಂದೂ ಬಲ್ಲವರ ಮತ. ಅಂಥವರನ್ನು ಸುಲ್ತಾನ್ ಖಾನರು ಗೆದ್ದುದು, ವಾಚಕರು ಗಮನಿಸಬೇಕು, ಆಟದ ಕೊನೆಯ ಭಾಗದಲ್ಲಿಯೇ.

ಇನ್ನು ಸುಲ್ತಾನ್ ಖಾನರು ಯಾರು? ಪಂಜಾಬಿನ ಖುಷಾಬ್ ಸೀಮೆಯ ಮಿಠಾ ತಿವಾನಾ ಎಂಬ ಗ್ರಾಮದಲ್ಲಿ ಹುಟ್ಟಿದವರು. ಹುಟ್ಟಿದ ವರ್ಷವನ್ನು ಕೆಲವು ಗ್ರಂಥಗಳು 1905 ಎನ್ನುತ್ತವೆ, ಕೆಲವು 1903 ಎನ್ನುತ್ತವೆ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯಿಂದ ಚದುರಂಗವನ್ನು ಕಲಿತರು. ಇಪ್ಪತ್ತೊಂದನೆಯ ವಯಸ್ಸಿಗೆ ಪಂಜಾಬಿನಲ್ಲಿ ಅವರಿಗೆ ಎದುರಿಲ್ಲವೆಂದಾಯಿತು. ಆ ಪ್ರಾಂತದ ದೊಡ್ಡ ಜಮೀನುದಾರರೂ, ಸೈನ್ಯದಲ್ಲಿ ಕರ್ನಲ್ ಪದವಿಯನ್ನು ಪಡೆದವರೂ ಆಗಿದ್ದ ನವಾಬ್ ಸರ್ ಉಮರ್ ಹಯಾತ್ ಖಾನ್ ತಿವಾನಾ ಅವರು ಈ ತರುಣನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು, ಐರೋಪ್ಯ ಪದ್ಧತಿಯ ಆಟವನ್ನು ಕಲಿಸುವ ಏರ್ಪಾಡು ಮಾಡಿದರು. 1928ರಲ್ಲಿ ಅಖಿಲ ಭಾರತ ಪಂದ್ಯ ನಡೆದಾಗ ಸುಲ್ತಾನ್ ಖಾನರು ಎಂಟು ಆಟಗಳನ್ನು ಗೆದ್ದು, ಒಂದನ್ನು ಸಮಮಾಡಿಕೊಂಡು, ಒಂದನ್ನೂ ಸೋಲದೆ ಮೊದಲ ಸ್ಥಾನವನ್ನು ಪಡೆದರು. ಮರುವರ್ಷ ನವಾಬರು ಅವರನ್ನು ಲಂಡನ್ನಿಗೆ ಕರೆದುಕೊಂಡು ಹೋದರು. ಅಲ್ಲಿ ಅಭ್ಯಾಸಕ್ಕೆಂದು ಏರ್ಪಡಿಸಿದ ಒಂದು ಸಣ್ಣ ಪಂದ್ಯದಲ್ಲಿ ಇವರು ಕೊನೆಯವರ ಸಾಲಿನಲ್ಲಿ ನಿಂತರು. ಆಮೇಲೆ ಕೆಲವೇ ಕಾಲದಲ್ಲಿ, ಅದೇ 1929ರಲ್ಲಿಯೇ, ರಾಮ್ಸ್‌ಗೇಟಿನಲ್ಲಿ ನಡೆದ ಬ್ರಿಟಿಷ್ ಚಾಂಪಿಯನ್ ಪಂದ್ಯದಲ್ಲಿ ಮೊದಲನೆಯವರಾದರು! ಸಾಮ್ರಾಜ್ಯದ ಪ್ರಜೆಗಳೆಲ್ಲರಿಗೂ ಆ ಪಂದ್ಯದಲ್ಲಿ ಪ್ರವೇಶವಿದ್ದುದರಿಂದಲೇ ಭಾರತೀಯನೊಬ್ಬನು ಬ್ರಿಟನ್ನಿನ ಪಟ್ಟವನ್ನು ಏರಲು ಸಾಧ್ಯವಾಯಿತು. 1932ರಲ್ಲಿಯೂ 1933ರಲ್ಲಿಯೂ ಆ ಪಟ್ಟ ಮತ್ತೆ ಅವರ ಪಾಲಾಯಿತು.

ಆಟದ ವಿವರಕ್ಕೆ ಹೋಗುವುದಕ್ಕೆ ಮೊದಲು, ಅದರ ಆರಂಭಕ್ಕೆ ಇರುವ ಹೆಸರನ್ನು ಕುರಿತು ಸ್ವಲ್ಪ ವಿಚಾರ ಮಾಡಬೇಕಾಗಿದೆ. ಈ ಆಟದಲ್ಲಿ ಕಾಪಾಬ್ಲಾಂಕಾ ಅವರು ಹಿಡಿದ ಮಾರ್ಗಕ್ಕೆ ಪಾಶ್ಚಾತ್ಯರು ‘ಕ್ವೀನ್ಸ್ ಇಂಡಿಯನ್ ಡಿಫೆನ್ಸ್’, ಎಂದರೆ ಮಂತ್ರಿಯ ಪಾರ್ಶ್ವದ ಭಾರತೀಯ ರಕ್ಷಣೆ, ಎಂದು ಹೆಸರಿಟ್ಟಿದ್ದಾರೆ. ಪಾಶ್ಚಾತ್ಯರ ‘ರಾಣಿ’ ನಮ್ಮ ಮಂತ್ರಿ. ಅವರ ‘ಬಿಷಪ್’ ನಮ್ಮ ಒಂಟೆ. ಅವರ ‘ರೂಕ್’ ನಮ್ಮ ಆನೆ. ನಮ್ಮ ಮನೆಗಳಲ್ಲಿ ರೂಢಿಯಾಗಿರುವ ಹೆಸರುಗಳನ್ನೇ ಇಲ್ಲಿ ಬಳಸುತ್ತೇವೆ. ಭಾರತೀಯನೊಬ್ಬನ ಎದುರಿನಲ್ಲಿ ಕ್ಯೂಬಾದವರು ‘ಭಾರತೀಯ ರಕ್ಷಣೆ’ಯನ್ನು ಹಿಡಿದುದು ವಿನೋದವಾಗಿ ಕಾಣುತ್ತದೆ. ಆದರೆ ಆ ಹೆಸರಿಗೂ ಸುಲ್ತಾನ್ ಖಾನರಿಗೂ ಯಾವ ಸಂಬಂಧವೂ ಇಲ್ಲ. ಹೆಸರು ಬಂದುದು ಅವರಿಗಿಂತ ಎರಡು ತಲೆಮಾರು ಹಿಂದಿನ ಬಂಗಾಳದ ಕಡೆಯಿಂದ.

ಚದುರಂಗವು ನಮ್ಮ ದೇಶದಲ್ಲಿ ಹುಟ್ಟಿದ ಆಟವೆಂಬುದನ್ನು ಇಲ್ಲಿ ಸಾಧಿಸಬೇಕಾದುದಿಲ್ಲ. ಏಳನೆಯ ಶತಮಾನದ ಬಾಣನ ‘ಹರ್ಷಚರಿತ’ದಲ್ಲಿ ಅದರ ಸುಳಿವು ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಳ ದೊರೆತಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು ಕುದುರೆಯನ್ನು ಅರವತ್ತುನಾಲ್ಕು ಮನೆಗಳಲ್ಲಿಯೂ, ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದಂತೆ, ನಡೆಯಿಸುವ ಬಂಧಗಳನ್ನು ರಚಿಸಿದ್ದ ವಿಷಯವು ನಮ್ಮವರಿಗೆ ತಿಳಿದೇ ಇದೆ. ಆದರೆ ನಮ್ಮಲ್ಲಿ ಉಳಿದ ಆಟಕ್ಕೂ, ಪಾರಸಿಕರ ಮತ್ತು ಅರಬರ ಮೂಲಕ ಯೂರೋಪಿಗೆ ಹೋಗಿ ಅಲ್ಲಿ ಹದಿನೈದನೆಯ ಶತಮಾನದ ಕೊನೆಯಲ್ಲಿ ಹೊಸ ರೂಪವನ್ನು ತಾಳಿದ ಆಟಕ್ಕೂ ಕೆಲವು ಭೇದಗಳಿದ್ದುವು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಮಂತ್ರಿ ಮತ್ತು ಒಂಟೆಗಳ ನಡೆ ಎರಡು ಕಡೆಯೂ ಹೆಚ್ಚುಕಡಮೆ ಒಂದೇ ಆಗಿದ್ದಿತು. ಭೇದವಿದ್ದುದು ಮುಖ್ಯವಾಗಿ ಕಾಲಾಳಿನಲ್ಲಿ, ಮತ್ತು ಅರಸಿನಲ್ಲಿ. ನಮ್ಮ ಅಜ್ಜಂದಿರು ಜಗಲಿಯ ಮೇಲೆ ಬಟ್ಟೆಯ ಹಾಸನ್ನು ಬಿಡಿಸಿ ಆಡುತ್ತಿದ್ದುದನ್ನು ಕಂಡವರಿಗೆ ನೆನಪಿರಬಹುದು: ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ನಡೆಯತಕ್ಕದ್ದು, ಎರಡು ಮನೆ ಹಾರುವ ಅಧಿಕಾರ ಅದಕ್ಕಿಲ್ಲ. ಕೊನೆಯ ಮನೆಯನ್ನು ಮುಟ್ಟಿದ ಕಾಲಾಳು, ಪಾಶ್ಚಾತ್ಯರಲ್ಲಿರುವಂತೆ ಇಷ್ಟಬಂದ ಕಾಯಿಯಾಗದೆ, ಆ ಸಾಲಿನ ಒಡೆಯನಾದ ಕಾಯಿ ಯಾವುದೋ ಅದಾಗುತ್ತಿದ್ದಿತು. ಅರಸನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಕದಲಿಸಿ ಕೋಟೆ ಕಟ್ಟುವ ಕ್ರಮ ನಮ್ಮಲ್ಲಿ ಇರಲಿಲ್ಲ. ಅದಕ್ಕೆ ಬದಲಾಗಿ ಅರಸಿಗೆ ಒಂದು ಬಾರಿ ಮಾತ್ರ ಕುದುರೆಯ ನೆಗೆತ ನೆಗೆಯುವ ಅನುಮತಿಯಿದ್ದಿತು.

ಕಾಲಾಳು ಒಂದೊಂದೇ ಮನೆ ನಡೆಯಬೇಕೆಂದ ಮೇಲೆ ಆಟದ ಆರಂಭವು ಮಂದಗತಿಯದಾಗುವುದು ಸಹಜ. ನಡುಮನೆಗಳಿಗೆ ಒಮ್ಮೆಗೇ ನುಗ್ಗುವಂತಿಲ್ಲ. ಕುದುರೆಯ ಮುಂದಿರುವ ಕಾಲಾಳನ್ನು ಒಂದು ಮನೆ ಸರಿಸಿದರೆ ಪಕ್ಕದ ಒಂಟೆಗೆ ಓಣಿ ತೆರೆಯುತ್ತದೆ. ಅದು ಮೂಲೆಯ ಸಮೀಪದಲ್ಲಿ ನಿಂತು ಹಾಸಿನ ಉದ್ದಕ್ಕೂ ಓರೆಯಾಗಿ ನೋಟವಿಡಬಹುದು. ನಮ್ಮವರು ಹೀಗೆ ಆಡುವುದು ರೂಢಿಯಾಗಿದ್ದಿತು. ಕಲಕತ್ತೆಯಲ್ಲಿ ವಕೀಲಿ ಮಾಡುತ್ತಿದ್ದ ಜಾನ್ ಕಾಕ್ರೇನ್ ಎಂಬ ಸ್ಕಾಟಿಷ್ ಗೃಹಸ್ಥರು ಆ ಕಾಲದ ಉತ್ತಮ ಆಟಗಾರರಲ್ಲಿ ಒಬ್ಬರು. ಅವರಿಗೆ 1848ರ ಸುಮಾರಿನಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬ ಮೊಫಸಲಿನ ಬ್ರಾಹ್ಮಣರ ಪರಿಚಯವಾಯಿತು. ಅವರಿಬ್ಬರೂ ನೂರಾರು ಆಟಗಳನ್ನು ಆಡಿದರು; ಕಾಕ್ರೇನರು ಅವುಗಳನ್ನು ಬರೆದಿಟ್ಟು ಲಂಡನ್ನಿನ ಪತ್ರಿಕೆಗಳಿಗೆ ಕಳುಹಿಸಿದುದರಿಂದ ಅವು ಉಳಿದಿವೆ. ಒಟ್ಟಿನಲ್ಲಿ ಕಾಕ್ರೇನರದೇ ಮೇಲುಗೈ. ಆದರೆ ಆ ಬ್ರಾಹ್ಮಣರು ಕರಿಯ ಕಾಯಿಗಳನ್ನು ಹಿಡಿದಾಗ ಕುದುರೆಯನ್ನು ಹೊರಡಿಸಿ, ಒಂಟೆಯನ್ನು ಮೂಲೆಗೆ ಸೇರಿಸಿ ಕಾಯುತ್ತಿದ್ದ ಕ್ರಮವು ಐರೋಪ್ಯರ ಕಣ್ಣಿಗೆ ಹೊಸದಾಗಿ ಕಂಡಿತು. ‘ಭಾರತೀಯ’ ಎಂಬ ವಿಶೇಷಣದ ಮೂಲ ಇದೇ. 1855ರಲ್ಲಿ ಅವರು ಕಾಕ್ರೇನರನ್ನು ಗೆದ್ದ ಒಂದು ಆಟದ ಮೊದಲ ನಡೆಗಳು, 1922ರಲ್ಲಿ ಗ್ರೂನ್‌ಫೆಲ್ಡ್ ಎಂಬ ವಿಯೆನ್ನಾದ ಪಂಡಿತರು ಹೊಸದಾಗಿ ಬಳಕೆಗೆ ತಂದು ತಮ್ಮ ಹೆಸರನ್ನು ಸಂಪಾದಿಸಿಕೊಂಡ ಮಾರ್ಗದ ನಡೆಗಳೇ ಆಗಿವೆ! ಹೆಸರು ಮಾತ್ರ ಗ್ರೂನ್‌ಫೆಲ್ಡ್ ಅವರದಾಗಿ ನಿಂತಿದೆ. ಇದರಲ್ಲಿ ಯಾರ ವಂಚನೆಯೂ ಇಲ್ಲ. ಮಹೇಶಚಂದ್ರರು ಆಡಿದರು, ಗ್ರೂನ್‌ಫೆಲ್ಡರು ಆಡಿ, ಪರೀಕ್ಷಿಸಿ, ಪಂದ್ಯಗಳಲ್ಲಿ ಮತ್ತೆ ಮತ್ತೆ ಪ್ರಯೋಗಿಸಿದರು. ಶಾಸ್ತ್ರವು ಎರಡನೆಯವರನ್ನು ನೆನೆಯುತ್ತದೆ.

ಇಪ್ಪತ್ತನೆಯ ಶತಮಾನದ ಎರಡನೆಯ ಮೂರನೆಯ ದಶಕಗಳಲ್ಲಿ ನಿಮ್ಜೊವಿಚ್ ಮುಂತಾದ ಹೊಸ ಪಂಥದವರು, ನಡುಮನೆಗಳನ್ನು ಕಾಲಾಳುಗಳಿಂದ ಆಕ್ರಮಿಸುವುದಕ್ಕಿಂತ ದೂರದಿಂದ ಕಾಯಿಗಳ ಮೂಲಕ ಹಿಡಿತದಲ್ಲಿಟ್ಟುಕೊಳ್ಳುವುದು ಮೇಲೆಂದು ವಾದಿಸಿದರು. ಹಾಗೆ ಮಂತ್ರಿಯ ಕಡೆಯ ಒಂಟೆಯನ್ನು ಮೂಲೆಗೆ ಸೇರಿಸುವ ರಕ್ಷಣೆಯು ಗೌರವವನ್ನು ಪಡೆಯಿತು. ಹೇಸ್ಟಿಂಗ್ಸಿನಲ್ಲಿ ಕಾಪಾಬ್ಲಾಂಕಾ ಅವರು ಹಿಡಿದುದು ಇದನ್ನೇ. ನಮ್ಮ ಜಗಲಿಯ ಆಟದ ಒಂದು ಅಭ್ಯಾಸವು ಹೀಗೆ ಯೂರೋಪನ್ನು ಸುತ್ತಿ, ಶಾಸ್ತ್ರವಾಗಿ, ನಮ್ಮವನೊಬ್ಬನ ಎದುರಿಗೇ ಬಂದು ನಿಂತಿತು.

ಈಗ ಆಟಕ್ಕೆ ಬರೋಣ. ಮನೆಯಲ್ಲಿ ಹಾಸೂ ಕಾಯಿಗಳೂ ಇರುವ ವಾಚಕರು ಅವನ್ನು ಮುಂದಿಟ್ಟುಕೊಂಡರೆ ಒಳ್ಳೆಯದು.

ಸುಲ್ತಾನ್ ಖಾನರು ಅರಸಿನ ಕಡೆಯ ಕುದುರೆಯನ್ನು ಮೊದಲು ಹೊರಡಿಸಿದರು. ಎದುರಾಳಿಯೂ ಹಾಗೆಯೇ ಮಾಡಿದರು. ಬಿಳಿಯವರು ಮಂತ್ರಿಯ ಕಾಲಾಳನ್ನೂ ಅದರ ಪಕ್ಕದ ಒಂಟೆಯ ಕಾಲಾಳನ್ನೂ ಎರಡೆರಡು ಮನೆ ಮುಂದೂಡಿದರು. ಕರಿಯವರು ಅಷ್ಟರಲ್ಲಿ ಮಂತ್ರಿಯ ಕಡೆಯ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಆ ತೆರವಿನಲ್ಲಿ ಒಂಟೆಯನ್ನು ನಿಲ್ಲಿಸಿದರು. ಬಿಳಿಯವರ ಎರಡನೆಯ ಕುದುರೆ ಹೊರಗೆ ಬಂದಿತು; ಕರಿಯವರ ಅರಸಿನ ಕಾಲಾಳು ಒಂದು ಮನೆ ನಡೆಯಿತು. ಆಗ, ಐದನೆಯ ನಡೆಯಲ್ಲಿ, ಸುಲ್ತಾನ್ ಖಾನರು ಮಂತ್ರಿಯ ಕಡೆಯ ಆನೆಯ ಮುಂದಿದ್ದ ಕಾಲಾಳನ್ನು ಒಂದೇ ಒಂದು ಮನೆ ಮುಂದೆ ಸರಿಸಿದರು.

ಅಂಚಿನ ಕಾಲಾಳಿನ ಈ ಪುಟ್ಟ ಹೆಜ್ಜೆ ಆ ಕಾಲದ ನೋಟಕರಿಗೆ ಕಾಲಹರಣದಂತೆ ಕಂಡಿರಬಹುದು. ಆಟದ ಆರಂಭದಲ್ಲಿ ಪ್ರತಿ ನಡೆಯಲ್ಲಿಯೂ ಹೊಸ ಕಾಯಿಯೊಂದನ್ನು ಹೊರಡಿಸಬೇಕು, ಅಂಚಿನ ಕಾಲಾಳುಗಳ ತಂಟೆಗೆ ಹೋಗಬಾರದು ಎಂಬುದು ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ. ಆದರೆ ಆ ನಡೆಗೆ ಅರ್ಥವುಂಟು. ಈ ರಕ್ಷಣೆಯಲ್ಲಿ ಕರಿಯವರ ಒಂದು ಮುಖ್ಯವಾದ ಆಶೆಯೆಂದರೆ, ಇನ್ನೊಂದು ಒಂಟೆಯನ್ನು ಮುಂದೆ ತಂದು ಬಿಳಿಯ ಕುದುರೆಯನ್ನು ಅರಸಿನ ಮುಂದೆ ಅದುಮಿ ಹಿಡಿಯುವುದು. ಹಾಗೆ ಹಿಡಿದರೆ ನಡುಮನೆಗಳ ಮೇಲೆ ಆ ಕುದುರೆಯ ಅಧಿಕಾರ ಕುಗ್ಗುತ್ತದೆ. ಅಂಚಿನ ಕಾಲಾಳು ಒಂದು ಮನೆ ಸರಿದುದರಿಂದ ಒಂಟೆ ಬಂದು ಕೂಡಬೇಕಾದ ಮನೆಯೇ ಇಲ್ಲದಂತಾಯಿತು. ಅನೇಕ ವರ್ಷಗಳ ಮೇಲೆ ಜಗದ್ವಿಜೇತರಾಗಿದ್ದ ತಿಗ್ರಾನ್ ಪೆಟ್ರೋಸಿಯನ್ ಅವರು ಇದೇ ಏರ್ಪಾಡನ್ನು ಬಳಕೆಗೆ ತಂದರು. 1980ರ ದಶಕದಲ್ಲಿ ಕಾಸ್ಪರೋವ್ ಅವರ ಕೈಯಲ್ಲಿ ಅದು ಭಯಂಕರವಾದ ಆಯುಧವಾಯಿತು. ಈಗಿನ ಗ್ರಂಥಗಳಲ್ಲಿ ಅದಕ್ಕೆ ಪೆಟ್ರೋಸಿಯನ್ನರ ಹೆಸರೇ ಇದೆ. ಮಹೇಶಚಂದ್ರರಿಗೆ ಆದುದೇ ಇಲ್ಲಿಯೂ ಆಯಿತು.

ಒಂಟೆಗೆ ಆ ದಾರಿ ಇಲ್ಲದ ಮೇಲೆ ಕಾಪಾಬ್ಲಾಂಕಾ ಅವರು ಮಂತ್ರಿಯ ಕಾಲಾಳನ್ನು ಎರಡು ಮನೆ ಮುಂದೂಡಿ ನಡುವಿನಲ್ಲಿ ನೆಲೆಯೂರಿದರು. ಬಿಳಿಯವರು ಅದನ್ನು ಕಡಿದರು. ಕರಿಯವರು ಅರಸಿನ ಕಾಲಾಳಿನಿಂದ ತಿರುಗಿ ಕಡಿದರು. ಇದರಿಂದ ಏನಾಯಿತು? ಮೂಲೆಯಲ್ಲಿ ನಿಂತು ಹಾಸಿನ ಉದ್ದಕ್ಕೂ ನೋಡಬೇಕೆಂದಿದ್ದ ಒಂಟೆಯ ಮುಂದೆ ತಮ್ಮದೇ ಕಾಲಾಳು ಗೋಡೆಯಂತೆ ಬಂದು ನಿಂತಿತು. ಆ ಒಂಟೆಯ ದುರದೃಷ್ಟ ಮುಂದೆ ಆಟದ ಉದ್ದಕ್ಕೂ ನಡೆಯುತ್ತದೆ. ಒಂಬತ್ತನೆಯ ನಡೆಯಲ್ಲಿ ಕರಿಯ ಕುದುರೆ ನಡುಮನೆಗೆ ನೆಗೆಯಿತು. ಅದಕ್ಕೆ ಬೆಂಬಲವಾಗಿ ಅರಸಿನ ಪಕ್ಕದ ಒಂಟೆಯ ಕಾಲಾಳು ಎರಡು ಮನೆ ಮುಂದೆ ಬಂದಿತು. ನೋಡುವವರಿಗೆ ಕರಿಯವರೇ ದಾಳಿಗೆ ಸಿದ್ಧರಾಗುತ್ತಿರುವಂತೆ ತೋರುತ್ತದೆ. ಹನ್ನೆರಡನೆಯ ನಡೆಯಲ್ಲಿ ಸುಲ್ತಾನ್ ಖಾನರು ಮಂತ್ರಿಯ ಕಡೆಯ ಕುದುರೆಯನ್ನು ಶತ್ರುವಿನ ಪ್ರಾಂತಕ್ಕೆ ನುಗ್ಗಿಸಿ, ಮುಂದಿನ ನಡೆಯಲ್ಲಿ ಅದನ್ನು ಕೊಟ್ಟು ಕರಿಯವರ ಒಳ್ಳೆಯ ಒಂಟೆಯನ್ನು ತೆಗೆದುಕೊಂಡರು. ಉಳಿದುದು ಆ ಮೂಲೆಯ ಒಂಟೆ. ಕರಿಯವರ ಎರಡು ಕಾಲಾಳುಗಳು ಮಂತ್ರಿಯ ಸಾಲಿನಲ್ಲಿ ಒಂದರ ಹಿಂದೆ ಒಂದು ನಿಂತುವು. ಅದಕ್ಕೆ ಪ್ರತಿಯಾಗಿ ಅವರಿಗೆ ದೊರೆತುದು ಮಂತ್ರಿಯ ಪಕ್ಕದ ಒಂಟೆಯ ಸಾಲು. ಅಲ್ಲಿ ಈಗ ಯಾರ ಕಾಲಾಳೂ ಇಲ್ಲ. ತೆರೆದ ಸಾಲಿನಲ್ಲಿ ಆನೆಗೆ ಅಡ್ಡಿಯಿಲ್ಲ. ಕಾಪಾಬ್ಲಾಂಕಾ ಅವರು ಮೊದಲು ಒಂದು ಆನೆಯನ್ನೂ, ಮುಂದೆ ಎರಡನೆಯದನ್ನೂ ಅದರಲ್ಲಿ ನಿಲ್ಲಿಸಿದರು.

ಬಿಳಿಯ ಅರಸು ಇಷ್ಟು ಹೊತ್ತಾದರೂ ಹುಟ್ಟಿದ ಮನೆಯಲ್ಲಿಯೇ ಇದ್ದಿತು. ಸುಲ್ತಾನ್ ಖಾನರು ಕೋಟೆ ಕಟ್ಟಲಿಲ್ಲ, ಕಡೆಯವರೆಗೂ ಕಟ್ಟಲಿಲ್ಲ. ಬದಲಾಗಿ ಅರಸಿನ ಕಡೆಯ ಅಂಚಿನ ಕಾಲಾಳನ್ನು ಎರಡು ಮನೆ ಮುಂದೂಡಿದರು. ನಡುಮನೆಯಲ್ಲಿ ಕುದುರೆಗಳು ಒಂದನ್ನೊಂದು ಕಡಿದ ಮೇಲೆ ಅಲ್ಲಿ ಎರಡು ಕಡೆಯ ಕಾಲಾಳುಗಳೂ ಮುಖಕ್ಕೆ ಮುಖ ಕೊಟ್ಟು ನಿಂತು ದಾರಿಯೇ ಮುಚ್ಚಿಹೋಯಿತು. ಆಮೇಲೆ ಅರಸಿನ ಕಡೆಯ ಕುದುರೆಯ ಸಾಲಿನ ಕಾಲಾಳು ಎರಡು ನಡೆಗಳಲ್ಲಿ ಧಾವಿಸಿ ಬಂದು ಕರಿಯವರ ಉಳಿದ ಕುದುರೆಯನ್ನು ಹಿಂದಿನ ಸಾಲಿಗೆ ಅಟ್ಟಿತು. ಆ ಕಾಲಾಳು ಬಿಟ್ಟುಹೋದ ಮನೆಗೆ, ಇಪ್ಪತ್ತೊಂದನೆಯ ನಡೆಯಲ್ಲಿ, ಬಿಳಿಯ ಒಂಟೆ ಬಂದು ಕುಳಿತು ಓರೆಯಾಗಿ ದೂರದ ಆನೆಯ ಮೇಲೆ ದೃಷ್ಟಿಯಿಟ್ಟಿತು.

ಇಲ್ಲಿ ಕಾಪಾಬ್ಲಾಂಕಾ ಅವರು ಒಂದು ಕಟ್ಟಳೆಗೆ ಸಿದ್ಧರಾದರು. ಮುಂದಿನ ಆನೆಯನ್ನು ಕೊನೆಯ ಸಾಲಿಗೆ ನುಗ್ಗಿಸಿ ಅರಸಿಗೆ ಷಹ ಕೊಟ್ಟರು. ಅದನ್ನು ಆನೆಯಿಂದ ಕಡಿದರೆ ಎರಡನೆಯ ಆನೆ ಬಂದು ಮತ್ತೆ ಷಹ ಕೊಟ್ಟು, ಮೂಲೆಯ ಇನ್ನೊಂದು ಬಿಳಿಯ ಆನೆಯನ್ನು ನುಂಗುತ್ತದೆ. ಆದುದರಿಂದ ಅರಸು ಒಂದು ಮನೆ ಮುಂದೆ ಬಂದಿತು. ಎರಡನೆಯ ಆನೆಯೂ ಧಾವಿಸಿ ಷಹ ಕೊಟ್ಟಿತು. ಬಿಳಿಯ ಮಂತ್ರಿ ಆ ಆನೆಯನ್ನು ಕಡಿಯಿತು. ಉಳಿದ ಆನೆ ಮಂತ್ರಿಯನ್ನು ಕಡಿಯಿತು. ಅರಸು ಆ ಆನೆಯನ್ನು ಕಡಿಯಿತು. ಹೊಗೆ ಆರಿದ ಮೇಲೆ ನೋಡಿದರೆ ಬಿಳಿಯವರ ಮಂತ್ರಿ ಹೋಗಿದೆ, ಕರಿಯವರ ಎರಡು ಆನೆಗಳೂ ಹೋಗಿವೆ. ಬಿಳಿಯ ಅರಸು ಬಯಲಿನಲ್ಲಿ ನಿಂತಿದೆ. ಬಯಲಿನಲ್ಲಿ ನಿಂತ ಅರಸನ್ನು ಬೇಟೆಯಾಡುವುದಕ್ಕೆ ಮಂತ್ರಿಯಂಥ ಕಾಯಿ ಇನ್ನೊಂದಿಲ್ಲ. ಕಾಪಾಬ್ಲಾಂಕಾ ಅವರ ಎಣಿಕೆ ಇದೇ ಆಗಿದ್ದಿರಬೇಕು. ಕೂಡಲೆ ಅವರ ಮಂತ್ರಿ ಷಹ ಕೊಡುತ್ತ ಒಳಗೆ ನುಗ್ಗಿತು.

ಆದರೆ ಮಂತ್ರಿಯ ಬಲವಿರುವುದು ಬಯಲಿನಲ್ಲಿ. ಇಲ್ಲಿದ್ದುದು ಓಣಿಗಳೆಲ್ಲ ಮುಚ್ಚಿದ ಊರು. ನಡುವಿನಲ್ಲಿ ಕಾಲಾಳುಗಳು ಬೇಲಿಯಂತೆ ನಿಂತಿವೆ. ಒಂಟೆ ಹಿಂದಕ್ಕೆ ಬಂದು ಮಂತ್ರಿಯನ್ನು ಕದಲಿಸಿತು. ಒಂದು ಆನೆ ಬಂದು ಬಳಲಿದ ಕಾಲಾಳಿಗೆ ಆಸರೆಯಾಯಿತು. ಇನ್ನೊಂದು ಆನೆ ತೆರೆದ ಸಾಲನ್ನು ಹಿಡಿದು ಅಲ್ಲಿಂದ ಮೇಲೆ ಬಂದಿತು. ಮೂವತ್ತನೆಯ ನಡೆಯ ಹೊತ್ತಿಗೆ ಕರಿಯ ಮಂತ್ರಿ ತಾನು ಹೊರಟ ಕಡೆಗೇ ಹಿಂತಿರುಗಬೇಕಾಯಿತು. ಯಾವ ಸಾಲನ್ನು ಕಾಪಾಬ್ಲಾಂಕಾ ಅವರು ಅಷ್ಟು ಬೆಲೆ ಕೊಟ್ಟು ಸಂಪಾದಿಸಿದ್ದರೋ ಅದರಲ್ಲಿ ಈಗ ಬಿಳಿಯ ಆನೆಗಳೇ ಓಡಾಡುತ್ತಿದ್ದುವು.

ಆಮೇಲಿನ ಮೂವತ್ತೈದು ನಡೆಗಳನ್ನು ಇಲ್ಲಿ ವಿವರಿಸಿದರೆ ವಾಚಕರಿಗೆ ಬೇಸರವಾದೀತು. ಅವುಗಳಲ್ಲಿ ಬೆರಗುಗೊಳಿಸುವಂಥದು ಏನೂ ಇಲ್ಲ. ಬಲ್ಲವರು ಮೆಚ್ಚುವುದು ಅದನ್ನೇ. ಎರಡು ಆನೆ ಎರಡು ಒಂಟೆಗಳ ಈ ದಂಡು ಅವಸರವಿಲ್ಲದೆ ಒಂದೊಂದೇ ಮನೆಯನ್ನು ಕಿತ್ತುಕೊಳ್ಳುತ್ತ ಹೋಯಿತು. ಮಂತ್ರಿಗೆ ಷಹ ಕೊಡುವ ಸಂದುಗೊಂದು ಸಹ ದೊರೆಯದಂತೆ ಬಾಗಿಲುಗಳನ್ನು ಮುಚ್ಚುತ್ತ ಹೋಯಿತು. ಅರವತ್ತೈದನೆಯ ನಡೆಯಲ್ಲಿ ಕಾಪಾಬ್ಲಾಂಕಾ ಅವರು ಸೋಲನ್ನೊಪ್ಪಿದರು. ಆ ಪಂದ್ಯದಲ್ಲಿ ಅವರು ಸೋತ ಆಟ ಇದೊಂದೇ. ಪಂದ್ಯ ಮುಗಿದಾಗ ಹಾಲೆಂಡಿನ ಯೂವೆ ಅವರಿಗೆ 7 ಅಂಕ, ಕಾಪಾಬ್ಲಾಂಕಾ ಅವರಿಗೆ ಆರೂವರೆ, ಸುಲ್ತಾನ್ ಖಾನರಿಗೆ 6. ಈ ಆಟವು ಸಮವಾಗಿದ್ದರೂ ಕಾಪಾಬ್ಲಾಂಕಾ ಅವರು ಮೊದಲ ಸ್ಥಾನದಲ್ಲಿ ಪಾಲುಗಾರರಾಗುತ್ತಿದ್ದರು. ಯೂವೆ ಅವರು 1935ರಲ್ಲಿ ಅಲೆಖಿನ್ನರನ್ನು ಸೋಲಿಸಿ ಜಗದ್ವಿಜೇತರಾದರು.

ಈ ಆಟವನ್ನು ಕುರಿತು ಎರಡು ಕಥೆಗಳು ಪ್ರಚಾರದಲ್ಲಿವೆ. ಎರಡೂ ಕೇಳುವುದಕ್ಕೆ ಸೊಗಸಾಗಿವೆ; ಎರಡರಲ್ಲಿಯೂ ನಮಗೆ ಪೂರ್ಣವಾದ ನಂಬಿಕೆ ಹುಟ್ಟುವುದಿಲ್ಲ.

ಮೊದಲನೆಯದು ಪಾಶ್ಚಾತ್ಯರು ಹೇಳುವುದು. ಅಕ್ಷರ ಬಾರದ ಸೇವಕನೊಬ್ಬನು ಯಾವ ಗ್ರಂಥವನ್ನೂ ಓದದೆ, ಕೇವಲ ಹುಟ್ಟಿನಿಂದ ಬಂದ ಪ್ರತಿಭೆಯಿಂದ, ಯೂರೋಪಿನ ಪಂಡಿತರನ್ನು ಗೆದ್ದನೆಂಬುದು ಅದರ ಸಾರ. ರೂಬೆನ್ ಫೈನ್ ಎಂಬ ಅಮೆರಿಕದ ಪ್ರಸಿದ್ಧ ಆಟಗಾರರು, 1933ರಲ್ಲಿ ತಾವು ನವಾಬರ ಬಿಡಾರಕ್ಕೆ ಊಟಕ್ಕೆ ಹೋಗಿದ್ದಾಗ ಸುಲ್ತಾನ್ ಖಾನರೇ ತಮಗೆ ಬಡಿಸುವ ಆಳಾಗಿ ನಿಂತುದನ್ನು ಕಂಡು ಸಂಕೋಚಪಟ್ಟುದಾಗಿ ಬರೆದಿದ್ದಾರೆ. ಆದರೆ ಈಚಿನ ವರ್ಷಗಳಲ್ಲಿ ಸುಲ್ತಾನ್ ಖಾನರ ಮನೆಯವರೇ ಈ ಚಿತ್ರವನ್ನು ಬಲವಾಗಿ ಅಲ್ಲಗಳೆದಿದ್ದಾರೆ. ಅವರು ಗೌರವಸ್ಥ ಮನೆತನದವರು, ಓದುಬರಹ ಬಲ್ಲವರು, ನವಾಬರಿಗೆ ಆಳಲ್ಲ, ಆಶ್ರಿತರಾದ ಆಟಗಾರರು ಎಂಬುದು ಅವರ ವಾದ. ನಮ್ಮ ಸಂಸ್ಥಾನಗಳಲ್ಲಿ ಗಾಯಕರೂ ಜಟ್ಟಿಗಳೂ ವಿದ್ವಾಂಸರೂ ಅರಮನೆಯ ಆಶ್ರಯದಲ್ಲಿ ಬಾಳಿದ ರೀತಿಯನ್ನು ಬಲ್ಲವರಿಗೆ ಈ ಮಾತು ಅಸಂಭವವೆಂದು ತೋರಲಾರದು. ಇಂಗ್ಲಿಷ್ ಬಾರದವನನ್ನು ಅನಕ್ಷರಸ್ಥನೆಂದು ಎಣಿಸುವ ಅಭ್ಯಾಸವು ಆ ಕಾಲದ ಆಂಗ್ಲರಲ್ಲಿ ಅಪರೂಪವಾಗಿರಲಿಲ್ಲ. ಆಶ್ರಯದಲ್ಲಿ ಪರಾಧೀನತೆ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಯಾವಾಗ ಇಂಗ್ಲೆಂಡಿಗೆ ಹೋಗಬೇಕು, ಯಾವಾಗ ಹಿಂದಿರುಗಬೇಕು ಎಂಬುದು ಸುಲ್ತಾನ್ ಖಾನರ ಇಚ್ಛೆಗೆ ಸೇರಿದುದಾಗಿರಲಿಲ್ಲ.

ಎರಡನೆಯ ಕಥೆ ನಮ್ಮವರು ಹೇಳುವುದು. ನಮ್ಮ ನಾಡಿನ ಆಟದ ಸಂಸ್ಕಾರವೇ ಅವರನ್ನು ಗೆಲ್ಲಿಸಿತೆಂದು ಹೇಳಿಕೊಳ್ಳುವುದರಲ್ಲಿ ನಮಗೊಂದು ಸಂತೋಷವುಂಟು. ಅಂಚಿನ ಕಾಲಾಳಿನ ಒಂದು ಮನೆಯ ಹೆಜ್ಜೆ, ಕೋಟೆ ಕಟ್ಟದೆ ನಡುವಿನಲ್ಲಿಯೇ ನಿಂತ ಅರಸು, ಮುಚ್ಚಿದ ನಡುಮನೆ, ಅವಸರವಿಲ್ಲದ ನಡೆ: ಇವೆಲ್ಲ ಜಗಲಿಯ ಆಟವನ್ನು ನೆನಪಿಗೆ ತರುವುದು ನಿಜ. ಈ ಲೇಖಕನಿಗೂ ಮೊದಲ ಬಾರಿ ಆಟವನ್ನು ಹಾಸಿನ ಮೇಲೆ ಇಟ್ಟು ನೋಡಿದಾಗ ಹಾಗೆಯೇ ತೋರಿತು. ಎರಡನೆಯ ಬಾರಿ ನೋಡಿದಾಗ ಸಂದೇಹ ಬಂದಿತು. ನಡುಮನೆಗಳು ಮುಚ್ಚಿರುವಾಗ ಅರಸು ನಡುವಿನಲ್ಲಿರುವುದರಲ್ಲಿ ಅಪಾಯವಿಲ್ಲ; ಯಾವ ಐರೋಪ್ಯ ಆಟಗಾರನಾದರೂ ಹಾಗೆ ಇಡಬಹುದಾಗಿದ್ದಿತು. ಅಂಚಿನ ಕಾಲಾಳು ಸರಿದುದು ಒಂದು ನಿರ್ದಿಷ್ಟವಾದ ಬೆದರಿಕೆಯನ್ನು ತಪ್ಪಿಸುವುದಕ್ಕಾಗಿ. ಅದೇ ಆಟಗಾರರು ಹದಿನಾಲ್ಕನೆಯ ನಡೆಯಲ್ಲಿ ಇನ್ನೊಂದು ಅಂಚಿನ ಕಾಲಾಳನ್ನು, ನಮ್ಮ ಆಟದಲ್ಲಿ ನಿಷಿದ್ಧವಾದ ಎರಡು ಮನೆಗಳ ನೆಗೆತದಿಂದಲೇ, ಮುಂದೂಡಿದರಷ್ಟೆ! ಸುಲ್ತಾನ್ ಖಾನರ ಆಟದ ಆರಂಭವು ಒಟ್ಟಿನಲ್ಲಿ ದುರ್ಬಲವೆಂದೂ, ನಡುವಿನಲ್ಲಿ ಮತ್ತು ಕೊನೆಯಲ್ಲಿ ಅವರು ಅದನ್ನು ಸರಿಪಡಿಸಿಕೊಳ್ಳುತ್ತಿದ್ದರೆಂದೂ ಅವರ ಸಮಕಾಲೀನರು ಹೇಳಿದ್ದಾರೆ. ನಾಡಿನ ಸಂಸ್ಕಾರವು ಸಹಾಯಮಾಡಿದುದಕ್ಕಿಂತ ಅಡ್ಡಿಮಾಡಿದುದೇ ಹೆಚ್ಚೆಂದು ಇದರಿಂದ ಊಹಿಸಬೇಕಾಗುತ್ತದೆ. ನಾಲ್ಕು ವರ್ಷಗಳಲ್ಲಿ, ಹೊಸ ನಿಯಮಗಳನ್ನು ಕಲಿತು, ಹಳೆಯ ಅಭ್ಯಾಸಗಳನ್ನು ತೊಡೆದುಹಾಕಿ, ಅವರು ಮೇಲೆ ಬಂದರು. ಪ್ರತಿಭೆಯೆಂದು ಕೈಮುಗಿದು ಬಿಡುವುದಕ್ಕಿಂತ ಆ ದುಡಿಮೆಯನ್ನು ಎಣಿಸುವುದು ನಮಗೆ ನ್ಯಾಯವಾಗಿ ಕಾಣುತ್ತದೆ. ಕಾಪಾಬ್ಲಾಂಕಾ ಅವರಂತೂ ಮುಂದೆ ಅವರನ್ನು ಕುರಿತು ಬರೆಯುವಾಗ ‘ಪ್ರತಿಭೆ’ಯೆಂಬ ಪದವನ್ನೇ ಬಳಸಿದರು, ಆ ಪದವನ್ನು ಅವರು ಸುಲಭವಾಗಿ ಬಳಸುವವರಾಗಿರಲಿಲ್ಲ.

ಇಂಗ್ಲೆಂಡಿನ ಚಳಿ ಸುಲ್ತಾನ್ ಖಾನರಿಗೆ ಒಗ್ಗಲಿಲ್ಲ. ಮಲೇರಿಯಾ ಜ್ವರ, ನೆಗಡಿ, ಗಂಟಲಿನ ಬೇನೆ ಅವರನ್ನು ಬಿಡದೆ ಕಾಡಿದುವು. ಕತ್ತಿಗೆ ಬಟ್ಟೆಯನ್ನು ಸುತ್ತಿಕೊಂಡು ಬಂದು ಆಡಲು ಕೂಡುತ್ತಿದ್ದರು. ಇಷ್ಟರಲ್ಲಿಯೇ 1930ರಲ್ಲಿ ಹ್ಯಾಂಬರ್ಗ್, 1931ರಲ್ಲಿ ಪ್ರಾಗ್, 1933ರಲ್ಲಿ ಫೋಕ್‌ಸ್ಟನ್ ನಗರಗಳಲ್ಲಿ ಸೇರಿದ ರಾಷ್ಟ್ರಗಳ ಪಂದ್ಯಗಳಲ್ಲಿ ಇಂಗ್ಲೆಂಡಿನ ತಂಡದ ಮುಂದಾಳಾಗಿ ಆಡಿದರು. ಪ್ರಾಗ್‌ನಲ್ಲಿ ಫ್ಲೋರ್ ಮತ್ತು ರೂಬಿನ್‌ಸ್ಟೈನ್ ಅವರು ಇವರಿಗೆ ಸೋತರು. ಜಗದ್ವಿಜೇತ ಅಲೆಖಿನ್ನರೊಡನೆ ಆಟ ಸಮವಾಯಿತು. ಹೇಸ್ಟಿಂಗ್ಸಿನ ಆಟ ನಡೆಯುತ್ತಿದ್ದ ಚಳಿಗಾಲದಲ್ಲಿಯೇ ಲಂಡನ್ನಿನಲ್ಲಿ ಮೊದಲನೆಯ ದುಂಡುಮೇಜಿನ ಪರಿಷತ್ತು ಸೇರಿದ್ದಿತು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರೂ ಅದಕ್ಕೆ ಹೋಗಿದ್ದರು. ಭಾರತೀಯರಿಗೆ ತಮ್ಮ ನಾಡನ್ನು ಆಳಿಕೊಳ್ಳುವ ಯೋಗ್ಯತೆಯುಂಟೇ ಎಂಬ ಚರ್ಚೆ ನಡೆಯುತ್ತಿದ್ದ ದಿನಗಳಲ್ಲಿ, ಅಲ್ಲಿಂದ ಅರವತ್ತು ಮೈಲಿಯ ಆಚೆ, ಇಂಗ್ಲೆಂಡಿನ ಚದುರಂಗದ ಮಾನವನ್ನು ಕಾಯುತ್ತಿದ್ದವರು ಪೇಟ ಸುತ್ತಿದ ಪಂಜಾಬಿಯೊಬ್ಬರು.

ಅದೇ ನವಾಬರ ಪರಿವಾರದ ಮಿಸ್ ಫಾತಿಮಾ ಎಂಬ ತರುಣಿಯು 1933ರಲ್ಲಿ ಬ್ರಿಟಿಷ್ ಮಹಿಳಾ ಪಂದ್ಯದಲ್ಲಿ ಮೊದಲ ಸ್ಥಾನವನ್ನು ಪಡೆದಳು. ಆ ವರ್ಷದ ಡಿಸೆಂಬರಿನಲ್ಲಿ ನವಾಬರೊಡನೆ ಎಲ್ಲರೂ ಸ್ವದೇಶಕ್ಕೆ ಹಿಂದಿರುಗಿದರು. 1935ರಲ್ಲಿ ಸುಲ್ತಾನ್ ಖಾನರು ಖಾಡಿಲ್ಕರ್ ಎಂಬವರೊಡನೆ ಹತ್ತು ಆಟಗಳನ್ನು ಆಡಿ, ಒಂದನ್ನು ಸಮಮಾಡಿಕೊಂಡು ಉಳಿದವನ್ನೆಲ್ಲ ಗೆದ್ದರು. ಅನಂತರ ದೊಡ್ಡ ಪಂದ್ಯಗಳಲ್ಲಿ ಅವರ ಹೆಸರು ಕಾಣುವುದಿಲ್ಲ. ಹುಟ್ಟಿದೂರಿನ ಸಮೀಪದಲ್ಲಿ ಬೇಸಾಯ ಮಾಡಿಕೊಂಡಿದ್ದರು. 1947ರಲ್ಲಿ ಆ ಸೀಮೆ ಪಾಕಿಸ್ತಾನಕ್ಕೆ ಸೇರಿತು. 1950ರಲ್ಲಿ ಅಂತರರಾಷ್ಟ್ರೀಯ ಚದುರಂಗ ಸಂಘವಾದ ಫಿಡೆಯು ಇಪ್ಪತ್ತೇಳು ಮಂದಿಗೆ ಮೊದಲ ಬಾರಿ ‘ಗ್ರ್ಯಾಂಡ್‌ಮಾಸ್ಟರ್’ ಬಿರುದನ್ನು ಕೊಟ್ಟಾಗ, ಬಹಳ ಹಿಂದೆಯೇ ಆಟ ನಿಲ್ಲಿಸಿದ್ದ ರೂಬಿನ್‌ಸ್ಟೈನ್ ಅವರನ್ನು ನೆನೆಯಿತು. ಅವರನ್ನು ಸೋಲಿಸಿದ ಸುಲ್ತಾನ್ ಖಾನರನ್ನು ನೆನೆಯಲಿಲ್ಲ.

ತಮ್ಮ ಮಕ್ಕಳಿಗೆ ಅವರು ಚದುರಂಗವನ್ನು ಹೇಳಿಕೊಡಲಿಲ್ಲವಂತೆ. ಬಾಳಿನಲ್ಲಿ ಅದಕ್ಕಿಂತ ಉಪಯೋಗವಾದುದನ್ನು ಮಾಡಿರೆಂದು ಹೇಳುತ್ತಿದ್ದರೆಂದು ಹಿರಿಯ ಮಗನು ನೆನೆಸಿಕೊಂಡಿದ್ದಾನೆ. 1966ರ ಏಪ್ರಿಲ್ 25ರಂದು ಸರ್ಗೋಧಾದಲ್ಲಿ ಅವರು ತೀರಿಕೊಂಡರು. ಫಿಡೆಯು ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಕೊಟ್ಟುದು 2024ರ ಫೆಬ್ರವರಿಯಲ್ಲಿ.